ಉರಿ ಕೊಟ್ಟ ಗೋಪಾಲಸ್ವಾಮಿ

ಹಿಂದಿನ ವರ್ಷ ದೀಪಾವಳಿ ಹತ್ತಿರ ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಲಾರಿಯ ಮೇಲಿಂದ ಬಿದ್ದೆ. ಮೂಟೆಗೆ ಬಿಗಿಯುತ್ತಿದ್ದ ಹಗ್ಗ ಹರಿಯಿತು. ಬೆನ್ನು ನೋಯುತ್ತಿತ್ತು, ಕಾಲು ನೋಯುತ್ತಿರಲಿಲ್ಲ. ಅದೇ ಕೆಟ್ಟದ್ದು ಅಂತ ಆಮೇಲೆ ಗೊತ್ತಾಯಿತು. ಸೊಂಟದಿಂದ ಕೆಳಗೆ ಇದ್ದದ್ದು ನನ್ನದೇ ಅಲ್ಲ ಅನ್ನೋ ಹಾಗಿತ್ತು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಚಾಮರಾಜನಗರದ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದೆವು. ಜೊತೆಯಲ್ಲಿ ಮೂಟೆ ಹೊರುತ್ತಿದ್ದ ಮಾದೇಶ ನನ್ನನ್ನು ಎತ್ತಿಕೊಂಡು ಬಸ್ಸು ಹತ್ತಿಸುತ್ತಿದ್ದ.

"ಈರುಳ್ಳಿ ಮೂಟೆನೇ ವಾಸಿ ಕಣ್ಲಾ. ಅದು ಬಾಯಿ ಮುಚ್ಕೊಂಡಿರ್ತದೆ," ಅನ್ನುತ್ತಿದ್ದ.

ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ ಕಾಲಿಗೆ ಪಿನ್ನು ಚುಚ್ಚಿ ನೋಡುತ್ತಿದ್ದರು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. "ಬೆನ್ನುಹುರಿಯಲ್ಲಿ ಒಂದಿಷ್ಟು ಎಳೆ ಉಳಿದಿದ್ರೆ ಮೊದಲು ಮುಟ್ಟಿದ್ದು ಗೊತ್ತಾಗಬಹುದು. ಕಾಲು ಆಡೋದು ಆಮೇಲೆ. ಬರೋದಿದ್ರೆ ಹೆಚ್ಚಾಗಿ ಮೊದಲನೇ ವರ್ಷದಲ್ಲೇ ಬರುತ್ತೆ. ಬರದೇನೂ ಇರಬಹುದು," ಅಂದರು.

ಅದನ್ನು ಕೇಳಿ ಅವ್ವ ಆಸ್ಪತ್ರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ನಾನು ಎದ್ದು ಬೆಟ್ಟದ ಗೋಪಾಲಸ್ವಾಮಿಯ ಮುಂದೆ ನಿಲ್ಲುವವರೆಗೂ ತಾನು ಚಪ್ಪಲಿ ಮೆಟ್ಟುವುದಿಲ್ಲ ಅಂತ ಹರಕೆ ಹೊತ್ತಳು. ಬರಿಗಾಲಲ್ಲೇ ಕೂಲಿಗೆ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನನ್ನ ಎರಡು ಕಾಲೂ ತಾವಾಗೇ ಎಗರಿದವು. ಅವ್ವ ಕೂಗಿಕೊಂಡಳು. ಬೀದಿಯವರೆಲ್ಲ ಬಂದರು. "ಸ್ವಾಮಿ ಕಣ್ಬುಟ್ಟ ಕಣಮ್ಮ!" ಅಂತ ಬಾಗಿಲಲ್ಲಿ ಕಾಯಿ ಒಡೆದರು. ಮಾದೇಶ ಎಲ್ಲರಿಗೂ ಟೀ ತಂದ. ಡಾಕ್ಟರಮ್ಮನಿಗೆ ಹೇಳಿದರೆ ಅವರು ನಗಲಿಲ್ಲ. "ನೀನು ಆಡಿಸ್ಬೇಕು ಅಂದಾಗ ಆಡ್ತಾವಾ? ಇಲ್ವಲ್ಲ. ಇದು ನರದ ಸೆಳೆತ. ವಾಸಿಯಾಗ್ತಿದೆ ಅಂತ ಅಲ್ಲಪ್ಪ," ಅಂದರು.

ಆಮೇಲೆ ಬೀದಿಯವರು ಬರುವುದು ನಿಂತಿತು. ಕಾಯಿ ಒಡೆದವರಿಗೇ ನನ್ನ ಮುಖ ನೋಡಲು ಆಗುತ್ತಿರಲಿಲ್ಲ. ಮಾದೇಶನೂ ಕೇರಳದ ಲಾರಿಗೆ ಹೋಗತೊಡಗಿದ. ಅವ್ವ ನೀರಿನ ಬಾಟಲಿ ಪಕ್ಕದಲ್ಲಿಟ್ಟು, ನನ್ನನ್ನು ಮಗ್ಗುಲಿಗೆ ಹೊರಳಿಸಿ ಅರಿಶಿನದ ಕೆಲಸಕ್ಕೆ ಹೋದರೆ ಮಧ್ಯಾಹ್ನ ಒಂದು ಸಲ ಓಡಿ ಬಂದು ಹೊರಳಿಸಿ ಹೋಗುತ್ತಿದ್ದಳು. ಅಷ್ಟೇ. ಹೈವೇಯಲ್ಲಿ ಲಾರಿ ಹಾರನ್ ಹೊಡೆದರೆ ಯಾರ ಗಾಡಿ ಅಂತ ಗೊತ್ತಾಗುತ್ತಿತ್ತು. ಅವರಿಗೆ ನಾನಿರುವುದು ನೆನಪಿತ್ತೋ ಇಲ್ಲವೋ. ಕಿಟಕಿಯಲ್ಲಿ ಬೆಟ್ಟದ ತುದಿ ಕಾಣುತ್ತಿತ್ತು. ಮಂಜು ಕವಿದರೆ ಅದೂ ಇಲ್ಲ.

ಯಾರೋ ಹೇಳಿದರು ಅಂತ ಅವ್ವ ಉಪ್ಪು ಹುರಿದು ಗಂಟು ಕಟ್ಟಿ ಎಡ ಪಾದಕ್ಕೆ ಶಾಖ ಕೊಟ್ಟಳು. ಬಿಸಿ ಜಾಸ್ತಿಯಾಗಿತ್ತು. ನನಗೆ ಗೊತ್ತಾಗಲಿಲ್ಲ, ಅವಳೂ ನಿಲ್ಲಿಸಲಿಲ್ಲ. ಬೊಬ್ಬೆ ಎದ್ದು ಒಡೆದು ಗಾಯವಾಯಿತು. ಅವ್ವ ಅತ್ತಳು. ನನಗೆ ಅಳುವುದಕ್ಕೂ ನೋವಿರಲಿಲ್ಲ.

ಆ ವಾರ ಬೆಟ್ಟದ ಕಡೆ ತಿರುಗಿ ಹೇಳಿಬಿಟ್ಟೆ. "ಸ್ವಾಮಿ, ನಡೆಸು ಅಂತ ಕೇಳಲ್ಲ. ನೀನು ಅಲ್ಲಿದ್ದೀಯ ಅಂತ ಏನಾದ್ರೂ ತಿಳಿಸು. ಇಲ್ಲ ಅಂದ್ರೆ ಕರ್ಕೊಂಡ್ಬುಡು."

ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ, ಅವ್ವ ಹೋದ ಮೇಲೆ, ಎಡ ಪಾದ ಉರಿಯಿತು. ಗಾಯ ಆಗಿದ್ದ ಜಾಗವೇ. ಮೊದಲು ಎಲ್ಲಿ ಉರಿಯುತ್ತಿದೆ ಅಂತಲೇ ತಿಳಿಯಲಿಲ್ಲ. ತಿಳಿದ ಮೇಲೆ ಕೂಗಿದೆ. ಯಾರೂ ಇರಲಿಲ್ಲ. ಹೋಗುವ ಲಾರಿಗೆಲ್ಲ ಕೂಗಿದೆ. ನಿದ್ದೆ ಮಾಡಿದರೆ ಉರಿ ಹೋಗಿಬಿಡುತ್ತೆ ಅಂತ ಹೆದರಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ.

ಮಧ್ಯಾಹ್ನ ಅವ್ವ ಬಂದಳು. ಇನ್ನೊಂದು ಸಲ ಅವಳಿಗೆ ಸುಳ್ಳು ಆಸೆ ಹುಟ್ಟಿಸಬಾರದು ಅಂತ, "ನಾನು ಕಣ್ಮುಚ್ಕೋತೀನಿ, ನೀನು ಕಾಲು ಮುಟ್ಟು, ಎಲ್ಲಿ ಅಂತ ಹೇಳ್ಬೇಡ," ಅಂದೆ.

"ಯಾಕ್ಲಾ ಮಗ, ಏನಾಯ್ತು?"

"ಮುಟ್ಟವ್ವ ಸುಮ್ನೆ."

"ಹೆಬ್ಬೆರಳು," ಅಂದೆ. "ಹಿಮ್ಮಡಿ," ಅಂದೆ. ಆಮೇಲೆ ಏನೂ ಗೊತ್ತಾಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಎಡಗಾಲಿನ ಹೆಬ್ಬೆರಳಲ್ಲಿ, ಹಿಮ್ಮಡಿಯಲ್ಲಿ ಅವ್ವನ ಬೆರಳಿನ ಅರಿಶಿನ ಅಂಟಿತ್ತು. ಬಲಗಾಲಿನಲ್ಲೂ ಅಂಟಿತ್ತು. ಅಲ್ಲಿ ಗೊತ್ತಾಗಿರಲಿಲ್ಲ. ಅವ್ವ ನನ್ನ ಪಾದ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಆ ದಿನ ಮತ್ತೆ ಕೂಲಿಗೆ ಹೋಗಲಿಲ್ಲ.

ಡಾಕ್ಟರಮ್ಮ ಈ ಸಲ ನಕ್ಕರು. ದಿನಾ ಮಾಡಲು ವ್ಯಾಯಾಮ ಹೇಳಿಕೊಟ್ಟರು. ಬೆರಳು ಅಲುಗಿತು, ಆಮೇಲೆ ಮಂಡಿ. ಹೋದ ಶ್ರಾವಣದಲ್ಲಿ ಮಾದೇಶ ರಜೆ ಹಾಕಿ ಬಂದ. ಮೂರು ಜನ ಸರ್ಕಾರಿ ಬಸ್ಸಿನಲ್ಲಿ ಬೆಟ್ಟ ಹತ್ತಿದೆವು.

"ಎತ್ಕಳ್ಳಾ?" ಅಂದ ಮಾದೇಶ.

"ಬ್ಯಾಡ ಬುಡು. ಮೂಟೆಗೆ ಕಾಲು ಬಂದದೆ."

ಬಲಗಾಲಿಗೆ ಆಸರೆಯ ಪಟ್ಟಿ ಕಟ್ಟಿಕೊಂಡು, ವಾಕರ್ ಹಿಡಿದು ಸ್ವಾಮಿಯ ಮುಂದೆ ನಿಂತೆ. ಎಡಗಾಲಿಗೆ ಕಲ್ಲು ತಣ್ಣಗೆ ಕೊರೆಯಿತು. ಬಲಗಾಲಿಗೆ ಇನ್ನೂ ತಿಳಿಯುವುದಿಲ್ಲ. ಅದನ್ನೂ ಕೇಳಿಕೊಂಡಿದ್ದೇನೆ. ಯಾವಾಗ ಕೊಡುತ್ತಾನೋ ಕೊಡಲಿ, ಕೊಡದಿದ್ದರೂ ಅವನು ಅಲ್ಲಿದ್ದಾನೆ ಅಂತ ನನಗೆ ಗೊತ್ತಿದೆ. ನನ್ನ ಹಾಗೆ ಮಲಗಿರುವವರು ಡಾಕ್ಟರು ಹೇಳಿದ್ದು ಮಾಡಿ. ಶಾಖ ಮಾತ್ರ ಕೊಡಿಸಿಕೊಳ್ಳಬೇಡಿ, ನನ್ನ ಗಾಯಕ್ಕೆ ಉರಿ ಬಂದ ಹಾಗೆ ಎಲ್ಲರಿಗೂ ಬರುವುದಿಲ್ಲ. ಒಬ್ಬರೇ ಇದ್ದರೂ ಸ್ವಾಮಿಯ ಜೊತೆ ಜಗಳವಾದರೂ ಆಡಿ. ಅವನು ಕೇಳಿಸಿಕೊಳ್ಳುತ್ತಾನೆ.

ಸಂಜೆ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ಮನೆಗೆ ಹೊರಟೆವು. ನಾನು ಮುಂದೆ, ನಿಧಾನ. ಹಿಂದೆ ಅವ್ವನ ಹೊಸ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.