ಮಲ್ಲಪ್ಪ ಸರ್ ಮುಚ್ಚಿಡುತ್ತಿದ್ದ ಗೆರೆ

ಮಲ್ಲಪ್ಪ ಸರ್ ಪಾಠ ಹೇಳುವಾಗ ಎಡಗೈಯಿಂದ ಅರ್ಧ ಕಾಗದ ಮುಚ್ಚಿಬಿಡುತ್ತಿದ್ದರು. ದೂರದ ಎಣ್ಣೆಬಾವಿಗಳಲ್ಲಿ ದುಡಿದು ತಮ್ಮೂರು ಮಕ್ತಲ್‌ಗೆ ಮರಳಿದ ಮೇಲೆ ನೀರಿನ ಬೋರುಗಳಲ್ಲಿ ಅದೇ ಕೆಲಸ ಮಾಡುತ್ತಿದ್ದರು: ತಂತಿಗೆ ಕಟ್ಟಿದ ಯಂತ್ರ ಇಳಿಸುವುದು, ಅದು ಬರೆದ ಗೆರೆಗಳನ್ನು ಓದಿ ನೆಲದೊಳಗೆ ಏನಿದೆ ಎಂದು ಹೇಳುವುದು.

“ಇದು ಕರೆಂಟಿನ ಗೆರಿ, ನೆಲ ಕರೆಂಟಿಗಿ ಎಷ್ಟು ಅಡ್ಡಿ ಮಾಡತೈತಿ ಅಂತ ತೋರಸ್ತೈತಿ. ಇಲ್ಲಿ ಬಿದ್ದೈತಿ. ಅಂದ್ರ?”

“ನೀರು ಸರ್.”

ಅಂಗೈ ಎತ್ತುತ್ತಿದ್ದರು. ಪಕ್ಕದ ಗಾಮಾ ಗೆರೆ ಏರಿರುತ್ತಿತ್ತು.

“ಜೇಡಿಮಣ್ಣಲೇ ನಕಲಿ. ಗಾಮಾ ಏರೂದು ಜೇಡಿ ಇದ್ದಲ್ಲಿ. ಅದರಾಗೂ ಕರೆಂಟ್ ಸಲೀಸ ಹರಿತೈತಿ. ಒಬ್ಬ ಸಾಕ್ಷಿ ಮಾತು ಕೇಳಿ ಫೈಸಲಾ ಮಾಡಬ್ಯಾಡ. ಮೊದ್ಲ ಗಾಮಾನ ಕೇಳು.”

ನಕಲಿ ಎಂದರೆ ನಾನು, ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದವನು. ಕಂಡಕ್ಟರು, ಎಮ್ಮೆ, ನಮ್ಮಪ್ಪ, ಎಲ್ಲರ ದನಿಯೂ ನನಗೆ ಬರುತ್ತಿತ್ತು. ಡಿಗ್ರಿ ಮುಗಿಸಿದರೂ ಈ ಗೆರೆಗಳ ಓದೊಂದು ಬಂದಿರಲಿಲ್ಲ. ಸರ್ ದನಿಯಂತೂ ಅವರಿಗಿಂತ ಚೆನ್ನಾಗಿ ತೆಗೆಯುತ್ತಿದ್ದೆ.

ಕೃಷ್ಣಾ ಮಂಡಲದ ಹೊಳೆದಂಡೆಯ ಊರೊಂದರಲ್ಲಿ ಕುಡಿಯುವ ನೀರಿಗೆ ಬೋರು ಕೊರೆಸಿದ್ದರು. ಯಂತ್ರ ಇಳಿಸಿದ ಮರುದಿನವೇ ಸರ್ ಕಣ್ಣಿನ ಆಪರೇಷನ್ನಿಗೆ ಗದ್ವಾಲಕ್ಕೆ ಹೊರಟರು. ಕಾಗದ, ತಮ್ಮ ಫೋನು ನನ್ನ ಕೈಗಿಟ್ಟು, “ನಾ ಬಂದು ನೋಡ್ತೀನಿ. ಅಲ್ಲಿತನಕ ಬಾಯಿ ಮುಚ್ಕೊಂಡಿರು” ಎಂದರು.

ಆ ವಿದ್ಯೆಯೂ ನನಗೆ ಬಂದಿರಲಿಲ್ಲ. ಬೋರಿನ ಮೇಸ್ತ್ರಿ ಫೋನು ಮಾಡಿದ. “ಸರ್, ನೀರು ಒಳಗ ಬರೂ ತೂತಿನ ಪೈಪು ಎಷ್ಟು ಅಡಿಗಿ ಬಿಡೂನ್ರಿ?” ಕಾಗದ ನೋಡಿದೆ. ಕರೆಂಟಿನ ಗೆರೆ ಒಂದು ಕಡೆ ಚೆನ್ನಾಗಿ ಬಿದ್ದಿತ್ತು. ಸರ್ ಹಾಗೆ ಕೆಮ್ಮಿ, ಸರ್ ದನಿಯಲ್ಲೇ ಹೇಳಿದೆ: “ತೊಂಬತ್ತಕ್ಕ ಬಿಡಪಾ. ಅಲ್ಲೇ ಐತಿ.”

ಬಂದದ್ದು ಕೆಸರು. ಇಳಿಸಿದ ಪೈಪು ಮತ್ತೆ ಮೇಲೆ ಬರಲಿಲ್ಲ. ಸರ್ ಗದ್ವಾಲದಿಂದ ಮರಳಿದ ಮೇಲೆ ಊರಿನ ಹೆಂಗಸರು ಮೇಸ್ತ್ರಿಯನ್ನೂ ಕರಕೊಂಡು, ಕೆಸರು ತುಂಬಿದ ಬಾಟ್ಲಿ ಹಿಡಿದು ಅವರ ಮನೆಗೆ ಬಂದರು. “ನೀವ ಕುಡದು ತೋರಿಸ್ರಿ” ಎಂದಳು ಒಬ್ಬ ಮುದುಕಿ.

“ನಾನ್ಯಾವಾಗ ಹೇಳಿದೆ?”

“ನಿಮ್ಮ ದನಿ ನನಗ ಗೊತ್ತಿಲ್ಲೇನ್ರಿ ಸರ್?” ಎಂದ ಮೇಸ್ತ್ರಿ.

ಪಟ್ಟಿ ಕಟ್ಟದ ಒಂದೇ ಕಣ್ಣಿನಿಂದ ಸರ್ ನನ್ನನ್ನು ನೋಡಿದರು. ಎಂದೂ ಮುಚ್ಚದ ನನ್ನ ಬಾಯಿ ಅವತ್ತು ಮುಚ್ಚಿತ್ತು.

“ಹೌದವ್ವಾ, ನಾನ ಹೇಳಿದ್ದು. ತಪ್ಪಾತು” ಎಂದರು ಸರ್.

ಆಮೇಲೆ ಆ ಕಡೆಯ ಯಾರೂ ಅವರನ್ನು ಕರೆಯಲಿಲ್ಲ. ನಾನೂ ಯಾರಿಗೂ ನಿಜ ಹೇಳಲಿಲ್ಲ. ಈಗ ಸರ್ ಇಲ್ಲ. ಗೆಳೆಯರು ಅವರ ದನಿ ತೆಗೆಯೆಂದು ಕೇಳಿದರೆ ಎಮ್ಮೆಯ ದನಿ ತೆಗೆದು ಜಾರಿಕೊಳ್ಳುತ್ತೇನೆ.

ಕೊನೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದರು. “ಅವತ್ತು ಫೋನಿನಾಗ ನಾ ಹೆಂಗ ಹೇಳಿದ್ದೆ? ಹೇಳಿ ತೋರಿಸು” ಎಂದರು.

ಹೇಳಿದೆ, ಕೆಮ್ಮಿನ ಸಮೇತ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ದನಿ ನಂದ ಐತಿ. ಅದಕ್ಕ ಮೊದ್ಲು ನಾ ಗಾಮಾನ ಕೇಳಿದ್ನೇನು?”

“ಇಲ್ರಿ ಸರ್.”

“ಹಂಗಾರ ಅಂವ ನಾನಲ್ಲ ಬಿಡು.”