ಗ್ಯಾರೇಜಿಗೆ ಬಿಸಿಲು ಬರುವವರೆಗೆ

ಚಳಿಗಾಲ ಬಂತೆಂದು ನನಗೆ ತಿಳಿಸುವುದು ಕ್ಯಾಲೆಂಡರ್ ಅಲ್ಲ, ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ. ಇವತ್ತು ಬೆಳಿಗ್ಗೆ ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಒಂದು ತೊಟ್ಟು ಬೀಳಲಿಲ್ಲ. ಒಳಗೆಲ್ಲ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಇದೇನು ದೊಡ್ಡ ವಿಷಯ, ಬಿಸಿನೀರಿನ ಚೊಂಬಿನಲ್ಲಿಟ್ಟರೆ ಆಯಿತಲ್ಲ ಎನ್ನುತ್ತೀರಿ. ನಿಜ. ಆದರೆ ಹೆಪ್ಪುಗಟ್ಟಿದ ಎಣ್ಣೆ ಕಂಡಾಗಲೆಲ್ಲ ನನಗೆ ಒಂದು ಹಳೆಯ ಹೆದರಿಕೆ ಮರಳುತ್ತದೆ. ಇಷ್ಟು ವರ್ಷವಾದರೂ ಅದು ಹೋಗಿಲ್ಲ. ಬಾಟಲಿಯನ್ನು ಅಡಿಗೆಮನೆಯ ಕಿಟಕಿಯ ಬಿಸಿಲಿಗೆ ಇಟ್ಟಿದ್ದೇನೆ. ಕರಗುವ ತನಕ ಹೇಗೂ ಕೂರಬೇಕು, ಯಾಕೆಂದು ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಹೊರದೇಶದಲ್ಲಿ, ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದಿದ್ದೆವು. ನಮ್ಮವರು ಚಿಪ್ ತಯಾರಿಸುವ ಕಂಪನಿಯೊಂದರಲ್ಲಿದ್ದರು. ದಿನವಿಡೀ ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ಸಣ್ಣ ತಂತಿಯನ್ನು ಹಿಡಿದು ಕೂರಿಸುವ ಕೆಲಸ. ಆ ವರ್ಷ ಯಾರ ಮನೆಗೆ ಊಟಕ್ಕೆ ಹೋದರೂ ಲೇಆಫಿನದೇ ಮಾತು, ಈ ಸಲ ಯಾರ ಕೆಲಸ ಹೋಯಿತು ಎಂದು. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ನಾವಿಬ್ಬರು, ಐದು ವರ್ಷದ ಮಗಳು ಅನು, ಮೂವರೂ ಇವರ ಎರಡು ಕೈಗಳನ್ನು ನಂಬಿಕೊಂಡು ಆ ದೇಶದಲ್ಲಿದ್ದೆವು.

ಅಂಥ ಕೈಗಳಿಗೆ ಇವರು ಹುಡುಕಿಕೊಂಡ ಹವ್ಯಾಸ ಏನು ಗೊತ್ತೇ? ತೋಟಾ ತುಂಬುವುದು. ಹೌದು, ಬಂದೂಕಿನ ತೋಟಾ. ಮೈಸೂರಿನಲ್ಲಿ ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಗುರಿ ಹೊಡೆದು ಕಪ್ ಗೆದ್ದವರಂತೆ. ಅಲ್ಲಿ ಪಕ್ಕದ ಮನೆಯ ರಾಲ್ಫ್ ಎಂಬ ರಿಟೈರಾದ ಮೆಕ್ಯಾನಿಕ್ ಒಂದು ಭಾನುವಾರ ಕ್ಲಬ್ಬಿಗೆ ಕರೆದುಕೊಂಡು ಹೋದ, ಹಳೆಯ ಹುಚ್ಚು ಕೆದರಿತು. ಇವರೋ, ಜಿರಲೆಯನ್ನೂ ಕಾಗದದಲ್ಲಿ ಎತ್ತಿ ಹೊರಗೆ ಬಿಡುವ ಮನುಷ್ಯ. ಹೊಡೆದದ್ದೆಲ್ಲ ಕಾಗದದ ವೃತ್ತಕ್ಕೇ. ಆದರೆ ಕೊತ್ತಂಬರಿ ಕಟ್ಟಿಗೆ ಸುತ್ತಿದ ರಬ್ಬರ್ ಬ್ಯಾಂಡನ್ನೂ ಬಿಸಾಡದವರು ಹಿತ್ತಾಳೆಯ ಖಾಲಿ ತೋಟಾಗಳನ್ನು ಬಿಸಾಡಿಯಾರೇ? ಅವಕ್ಕೆ ಮತ್ತೆ ಮದ್ದು ತುಂಬುವ ಪ್ರೆಸ್ಸನ್ನು ರಾಲ್ಫ್‌ನಿಂದಲೇ ತಂದು ಗ್ಯಾರೇಜಿನ ಬೆಂಚಿಗೆ ಬಿಗಿದರು.

ನಮ್ಮ ಚಕ್ಕುಲಿ ಒರಳಿಗೆ ಉದ್ದನೆಯ ಹಿಡಿ ಜೋಡಿಸಿದರೆ ಹೇಗೋ ಹಾಗಿತ್ತು ಆ ಪ್ರೆಸ್ಸು. ಅದರ ಪಕ್ಕಕ್ಕೆ ನೆಟ್ಟಗೆ ನಿಂತ ತೆಳ್ಳನೆಯ ಕೊಳವೆ. ಕೊಳವೆಯೊಳಗೆ ಒಂದರ ಮೇಲೊಂದು ಪ್ರೈಮರುಗಳು. ಪ್ರೈಮರ್ ಅಂದರೆ ನಾವು ದೀಪಾವಳಿಯಲ್ಲಿ ಕಲ್ಲಿನಿಂದ ಕುಟ್ಟುತ್ತಿದ್ದ ಕೇಪಿನ ಅಣ್ಣ. ಬೇಳೆಕಾಳಿನಷ್ಟು ಲೋಹದ ಬಟ್ಟಲು, ಒಳಗೆ ಬಡಿದರೆ ಸಿಡಿಯುವ ಮದ್ದು. ಹಿಡಿ ಎಳೆದಾಗಲೆಲ್ಲ ಕೊಳವೆಯ ಕೆಳಗಿನ ಒಂದು ಪಟ್ಟಿ ಜಾರಿ, ಒಂದೇ ಒಂದು ಪ್ರೈಮರನ್ನು ತೋಟಾದ ಬುಡಕ್ಕೆ ಒಯ್ಯಬೇಕು. ರಾಲ್ಫ್ ನನ್ನೆದುರಿಗೇ ಎಚ್ಚರಿಸಿದ್ದ: ಕೊಳವೆಯಲ್ಲಿ ಪ್ರೈಮರ್ ಸಿಕ್ಕಿಕೊಂಡರೆ ಏನು ಬೇಕಾದರೂ ಮಾಡು, ಮೇಲಿನಿಂದ ತಿವಿಯಬೇಡ. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ, ಕೊಳವೆ ಹಿಡಿದ ಬೆರಳು ಉಳಿಯುವುದಿಲ್ಲ. ನಾನು ಅವತ್ತೇ ಒಂದು ಕಾನೂನು ಮಾಡಿದೆ. ಮದ್ದು ಇರುವ ಯಾವ ವಸ್ತುವೂ ಗ್ಯಾರೇಜಿನ ಹೊಸ್ತಿಲು ದಾಟಿ ಮನೆಯೊಳಗೆ ಬರಕೂಡದು.

ಅಕ್ಟೋಬರ್ ತನಕ ಎಲ್ಲ ಸುಸೂತ್ರ. ಡಿಸೆಂಬರಿನಲ್ಲಿ ಆ ಜಾರುಪಟ್ಟಿ ಹಟ ಹಿಡಿಯಿತು. ಎಳೆದರೆ ಬರದು, ಬಂದರೆ ಅರ್ಧಕ್ಕೆ ನಿಲ್ಲುವುದು. ಇವರು ಪಟ್ಟಿಯನ್ನು ಬಿಚ್ಚಿ ಅಡಿಗೆಮನೆಯ ಟೇಬಲ್ಲಿಗೆ ತರುತ್ತಿದ್ದರು. ಪಕ್ಕದ ಒಲೆಯಲ್ಲಿ ಹುಳಿ ಕುದಿಯುತ್ತಿರುವಾಗ ಭೂತಗನ್ನಡಿ ಹಿಡಿದು ಅಂಚಂಚನ್ನೂ ನೋಡುವರು. ಅಲ್ಲಿ ಅದು ಬೆಣ್ಣೆಯಲ್ಲಿ ಕೂದಲೆಳೆದಷ್ಟು ಸಲೀಸಾಗಿ ಜಾರುತ್ತಿತ್ತು.

"ನೋಡೇ, ಏನೂ ಆಗಿಲ್ಲ ಇದಕ್ಕೆ."

"ಮತ್ತೆ ಅಲ್ಲಿ ಯಾಕೆ ಹಿಡ್ಕೊಳತ್ತೆ?"

"ಅದೇ ಗೊತ್ತಾಗ್ತಿಲ್ಲ."

ಮತ್ತೆ ಗ್ಯಾರೇಜಿಗೆ ಒಯ್ದು ಕೂರಿಸುವರು, ಅರ್ಧ ಗಂಟೆಗೆ ಮತ್ತೆ ಹಟ. ಸ್ಪ್ರಿಂಗ್ ಬದಲಾಯಿಸಿದರು. ಸ್ಕ್ರೂ ಸಡಿಲಿಸಿದರು, ಬಿಗಿದರು. ಸಾಲದ್ದಕ್ಕೆ ಎಣ್ಣೆ ಬಿಟ್ಟರು, ಇನ್ನೂ ಬಿಟ್ಟರು, ಕೊಳವೆಯ ಒಳಕ್ಕೂ ಬಿಟ್ಟರು. ಮನೆಯೊಳಗೆ ಸಾಧು, ಹೊರಗೆ ಪುಂಡ. ಇಂಥ ಗಂಡಸರನ್ನು ನಾನು ಕಂಡಿದ್ದೆ, ಯಂತ್ರವನ್ನು ಕಂಡಿರಲಿಲ್ಲ. ಟೇಬಲ್ಲಿನ ಬಳಿ ಬಂದಾಗ ಒಮ್ಮೊಮ್ಮೆ ಪರಿಚಿತವಾದ ವಾಸನೆಯೊಂದು ಮೂಗಿಗೆ ತಾಕುತ್ತಿತ್ತು. ನನ್ನದೇ ಜಡೆಯದಿರಬೇಕೆಂದುಕೊಂಡು ಸುಮ್ಮನಿದ್ದೆ.

ಆ ಶನಿವಾರ ಬೆಳಿಗ್ಗೆ ಗ್ಯಾರೇಜಿನಿಂದ ಟಕ್ ಟಕ್ ಸದ್ದು ಬಂತು. ಮರುದಿನ ಕ್ಲಬ್ಬಿನ ಪಂದ್ಯ. ತಂಡದಲ್ಲಿ ಇವರಿಗೆ ಮೊದಲ ಸಲ ಜಾಗ ಸಿಕ್ಕಿತ್ತು. ರಾಲ್ಫ್ ಊರಲ್ಲಿರಲಿಲ್ಲ, ಸ್ಯಾಕ್ರಮೆಂಟೋಗೆ ಮಗಳ ಮನೆಗೆ ಹೋಗಿದ್ದ. ನಾನು ಬಾಗಿಲು ತೆರೆದು ನೋಡಿದರೆ ಇವರು ಕೊಳವೆಯನ್ನೇ ಕಿತ್ತು ಕೈಯಲ್ಲಿ ಹಿಡಿದು, ತಲೆಕೆಳಗು ಮಾಡಿ ಬೆಂಚಿಗೆ ತಟ್ಟುತ್ತಿದ್ದಾರೆ. ಒಳಗೆ ತುಂಬಾ ಪ್ರೈಮರು. ಒಂದೂ ಬೀಳುತ್ತಿಲ್ಲ.

"ರೀ, ಅದನ್ನ ಅಲ್ಲಿ ಇಟ್ಬಿಡಿ. ರಾಲ್ಫ್ ಬರ್ಲಿ."

"ಪಂದ್ಯ ನಾಳೆ ಕಣೇ."

"ಪಂದ್ಯ ಹಾಳಾಗ್ಲಿ."

"ನಾನು ಹುಷಾರಾಗಿ ಮಾಡ್ತೀನಿ. ಹಿತ್ತಾಳೆ ಕಡ್ಡಿ ತಗೊಂಡು ಮೆತ್ತಗೆ ಒಂದು ಏಟು, ಅಷ್ಟೆ. ಫೋರ್ಸು ಎಷ್ಟು ಬೀಳತ್ತೆ ಅಂತ ಲೆಕ್ಕ ಹಾಕಿದ್ದೀನಿ. ನೀನು ಒಳಗ್ ಹೋಗು."

ಲೆಕ್ಕ ಹಾಕಿದ್ದಾರಂತೆ. ಆಫೀಸಿನಲ್ಲಿ ಯಾರ ಹೆಸರು ಬರುತ್ತದೋ ಎಂದು ತಿಂಗಳಿಂದ ನಿದ್ದೆಗೆಟ್ಟ ಮನುಷ್ಯ, ಈ ಒಂದು ವಸ್ತುವಾದರೂ ತನ್ನ ಮಾತು ಕೇಳಲಿ ಎಂದು ಹಟಕ್ಕೆ ಬಿದ್ದಿದ್ದರು. ಅದು ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ದಡಾರನೆ ಬಾಗಿಲೆಳೆದುಕೊಂಡೆ. ಎಳೆದ ಮೇಲೆ, ಆ ಸದ್ದಿಗೆ ಬೆಚ್ಚಿ ಇವರ ಕೈ ಅಲುಗಿದರೆ ಏನು ಗತಿ ಎಂದು ಅಲ್ಲೇ ಉಸಿರು ಹಿಡಿದು ನಿಂತೆ. ಏನೂ ಆಗಲಿಲ್ಲ. ಅನು ಟೀವಿಯಿಂದ ತಲೆ ಎತ್ತಿ, "ಅಮ್ಮಾ, ಈಸ್ ಅಪ್ಪ ಮ್ಯಾಡ್?" ಎಂದಳು. ಅವಳು ಕೂತಿದ್ದ ಸೋಫಾದ ಹಿಂದಿನ ಗೋಡೆಯೇ ಗ್ಯಾರೇಜಿನ ಗೋಡೆ. ಅವಳನ್ನು ಎತ್ತಿಕೊಂಡು ಬಚ್ಚಲುಮನೆಗೆ ಹೋದೆ, ತಲೆಗೆ ಎಣ್ಣೆ ಹಚ್ಚುವ ನೆಪ ಮಾಡಿಕೊಂಡು. ಕೈಗಳಿಗೆ ಏನಾದರೂ ಕೆಲಸ ಬೇಕಿತ್ತು.

ಬಾಟಲಿ ಬಗ್ಗಿಸಿದೆ. ಎಣ್ಣೆ ಬರಲಿಲ್ಲ. ಬೆಳ್ಳಗೆ ಗಟ್ಟಿ.

ಬರ್ಕ್ಲಿಯ ಇಂಡಿಯನ್ ಗ್ರೋಸರಿಯಿಂದ ತಂದು ಹನಿಹನಿ ಲೆಕ್ಕದಲ್ಲಿ ಬಳಸುತ್ತಿದ್ದ ಎಣ್ಣೆ ಅದು. ನಾನಿಟ್ಟಿದ್ದಕ್ಕಿಂತ ಎರಡು ಬೆರಳು ಕೆಳಗಿತ್ತು. ಆಗ ಮೂಗಿಗೆ ಬಂತು ಆ ವಾಸನೆ, ಅಡಿಗೆಮನೆಯ ಟೇಬಲ್ಲಿನದು. ಒಲೆಯ ಪಕ್ಕದ ಬಿಸಿಗೆ ಸಲೀಸು, ಗ್ಯಾರೇಜಿನ ಚಳಿಗೆ ಹಟ. ಅನುವನ್ನು ಬಾತ್‌ಟಬ್ಬಿನೊಳಗೆ ಕೂರಿಸಿ, "ಇಲ್ಲಿಂದ ಏಳಬೇಡ" ಎಂದು ಹೇಳಿ ಓಡಿದೆ.

ಬಾಗಿಲನ್ನು ಈ ಸಲ ಸದ್ದಿಲ್ಲದೆ ತೆರೆದೆ. ಎಡಗೈ ಬೆರಳುಗಳು ಕೊಳವೆಯನ್ನು ಸುತ್ತಿ ಹಿಡಿದಿದ್ದವು. ಕಡ್ಡಿ ಕೊಳವೆಯ ಬಾಯೊಳಗಿತ್ತು. ಬಲಗೈಯ ಸುತ್ತಿಗೆ ಮೇಲೆದ್ದಿತ್ತು. ಕೂಗಿದರೆ ಬೆಚ್ಚುತ್ತಾರೆ, ಕೂಗದಿದ್ದರೆ ಹೊಡೆಯುತ್ತಾರೆ. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ ಕೇಳಿದೆ:

"ರೀ, ಅದಕ್ಕೆ ಯಾವ ಎಣ್ಣೆ ಹಾಕಿದ್ರಿ?"

ಸುತ್ತಿಗೆ ಅಲ್ಲೇ ನಿಂತಿತು. "ಕೊಬ್ಬರಿ ಎಣ್ಣೆ. ಮಿಷಿನ್ ಎಣ್ಣೆ ಖಾಲಿಯಾಗಿತ್ತು. ಯಾಕೆ?"

"ಬಚ್ಚಲಲ್ಲಿ ಹೆಪ್ಪುಗಟ್ಟಿ ಕೂತಿದೆ ಅದು."

"ಇಲ್ವಲ್ಲ, ಇಲ್ಲಿ ನೀರಿನ ಹಾಗೆ..." ಎನ್ನುತ್ತ ಎಣ್ಣೆಯ ಪುಟ್ಟ ಡಬ್ಬಿಯ ಕಡೆ ತಿರುಗಿದವರು ಮಾತು ನಿಲ್ಲಿಸಿದರು. ಡಬ್ಬಿ ಇದ್ದದ್ದು ನೀರು ಕಾಯಿಸುವ ಹೀಟರಿನ ನೆತ್ತಿಯ ಮೇಲೆ, ಬೆಚ್ಚಗೆ. ಅಲ್ಲಿಂದ ತೊಟ್ಟಿಕ್ಕಿದ್ದು ತಣ್ಣನೆಯ ಕಬ್ಬಿಣಕ್ಕೆ. ಮೈಸೂರಿನಲ್ಲಿ ಹೊಲಿಗೆ ಮಿಷಿನ್ನಿಂದ ಹಿಡಿದು ಗೇಟಿನ ತಿರುಗಣೆವರೆಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಬಿಟ್ಟು ಬೆಳೆದ ಕೈ, ಹಟ ಹಿಡಿದಷ್ಟೂ ಎಣ್ಣೆ ಬಿಟ್ಟಿತ್ತು.

ಸುತ್ತಿಗೆ ಕೆಳಗಿಟ್ಟರು. ಕಡ್ಡಿಯನ್ನು ಮೆಲ್ಲಗೆ ಹೊರಗೆಳೆದರು. ಕೊಳವೆಯನ್ನು ಒಂದು ಹಳೆಯ ಟವೆಲ್ಲಿನ ಮೇಲೆ ಮಲಗಿಸಿ, ಗ್ಯಾರೇಜಿನ ದೊಡ್ಡ ಬಾಗಿಲನ್ನು ಪೂರ್ತಿ ಎತ್ತಿದರು. ಬಿಸಿಲು ಇನ್ನೂ ಡ್ರೈವ್‌ವೇಯಲ್ಲಿತ್ತು. ನಾನು ಅನುವನ್ನು ಕರೆತಂದು, ಮೂವರೂ ಹೊರಗೆ ದೂರದಲ್ಲಿ ಹುಲ್ಲಿನ ಮೇಲೆ ಕೂತೆವು. ಬಿಸಿಲು ಕಾರಿನ ಚಕ್ರ ದಾಟಿ, ನೆಲ ಹತ್ತಿ, ಬೆಂಚಿನ ಕಾಲು ಹತ್ತಿ, ಟವೆಲ್ಲನ್ನು ಮುಟ್ಟಿತು. ಸಾಕಷ್ಟು ಹೊತ್ತಾದ ಮೇಲೆ ಇವರು ಎದ್ದು ಹೋಗಿ, ತೋಳುದ್ದ ಚಾಚಿ ಕೊಳವೆಯನ್ನು ಬಾಗಿಸಿದರು. ಟವೆಲ್ಲಿನ ಮೇಲೆ ಒಂದು ಪ್ರೈಮರ್ ಬಿತ್ತು. ಇನ್ನೊಂದು. ಆಮೇಲೆ ಎಲ್ಲವೂ, ಜಪಮಾಲೆ ಹರಿದ ಹಾಗೆ.

ಆಗ ನನಗೆ ಅಳು ಬಂತು. "ಬೆರಳು ಹೋಗಿದ್ರೆ ನಾವೇನ್ ಮಾಡ್ಬೇಕಿತ್ತು, ಹೇಳಿ" ಎಂದೆ.

ಇವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ ಕಣೇ" ಎಂದರು.

ಪಂದ್ಯಕ್ಕೆ ಹೋಗಲಿಲ್ಲ. ಎಣ್ಣೆ ಕುಡಿದ ಆ ಪ್ರೈಮರುಗಳನ್ನು ರಾಲ್ಫ್ ಬಂದು ಒಯ್ದ. ನಡೆದದ್ದು ಕೇಳಿ ಅವನು ನಗಲಿಲ್ಲ, ನನ್ನ ಕೈ ಕುಲುಕಿ ಹೋದ.

ಕಿಟಕಿಯ ಬಾಟಲಿಯಲ್ಲಿ ಎಣ್ಣೆ ಅಂಚಿನಿಂದ ತಿಳಿಯಾಗುತ್ತಿದೆ. ಮೊದಲಾದರೆ ನನಗೆ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಈಗ ಕಾಯುತ್ತೇನೆ. ಹೋದ ವರ್ಷ ಬಿದ್ದು ತೋಳು ಮುರಿದುಕೊಂಡ ಮೇಲೆ ನನ್ನ ಬಲಗೈ ತಲೆಯವರೆಗೆ ಏಳುವುದಿಲ್ಲ. ಹೇಗೂ ಯಾರಾದರೂ ಬರುವವರೆಗೆ ಕೂರಲೇಬೇಕು.

"ಕರಗಿತೇನೇ?" ಎಂದು ಇವರು ಕೇಳುತ್ತಾ ಬಂದರು. ಅಂಗೈಗೆ ಎಣ್ಣೆ ಸುರಿದುಕೊಂಡು, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ನನ್ನ ಹಿಂದೆ ನಿಂತರು. ನಾನು ಕಣ್ಣು ಮುಚ್ಚಿದೆ. ನೆತ್ತಿಯ ಮೇಲೆ ಬೆರಳುಗಳು ಇಳಿದವು, ಹತ್ತೂ.