ಓವೆನ್ನನ್ನು ಕೂಗಿದವಳು

ಮನುಷ್ಯನ ಬುದ್ಧಿ ಎಲ್ಲಿ ನಿಂತುಹೋಗುತ್ತದೆಯೋ ಅಲ್ಲಿಂದಾಚೆಗೆ ಒಂದು ಅಗಾಧವಾದ ಕತ್ತಲೆಯ ಪ್ರದೇಶವಿದೆ. ನನ್ನ ಬುದ್ಧಿ ತುಸು ಹತ್ತಿರದಲ್ಲೇ ನಿಲ್ಲುವುದರಿಂದ ಆ ಪ್ರದೇಶ ನನಗೆ ಇತರರಿಗಿಂತ ವಿಶಾಲವಾಗಿ ಕಾಣುತ್ತಿರಲೂಬಹುದು. ಆದರೆ ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ: ದೆವ್ವ, ಗಾಳಿ, ಸೋಕು ಇವನ್ನೆಲ್ಲ ನಾನು ನಂಬಿದವನಲ್ಲ. ಚಳ್ಳಕೆರೆಯಲ್ಲಿ ಜೀವಮಾನವಿಡೀ ಇಂಗ್ಲಿಷ್ ಪಾಠ ಹೇಳಿದವನಿಗೆ ಹೆದರುವುದಕ್ಕೆ ಉತ್ತರಪತ್ರಿಕೆಗಳೇ ಸಾಕಾಗಿದ್ದವು.

ನಾನು ನಿವೃತ್ತನಾದ ಮೇಲಿನ ಮಾತು. ಬೆಂಗಳೂರಿನ ಚಿತ್ರಸಂಘವೊಂದು ಬ್ರಿಟಿಷರ ಹಳೆಯ ಕಪ್ಪುಬಿಳುಪು ಸಿನಿಮಾಗಳನ್ನು ಊರೂರಿಗೆ ಕಳಿಸುತ್ತಿತ್ತು. ಯಾರೋ ಪುಣ್ಯಾತ್ಮರು ಆ ಚಿತ್ರಗಳನ್ನು ತೊಳೆದು ಬಳಿದು, ಗೀರು ತೆಗೆದು, ಧ್ವನಿಯ ಗರಗರ ನಿಲ್ಲಿಸಿ ಹೊಸದು ಮಾಡಿದ್ದರು. ಹಳೆಯ ರೀಲುಗಳಲ್ಲಿ ಸದಾ ಸುರಿಯುವ ಮಳೆ ಹೀಗೆ ನಿಂತುಹೋಗಿತ್ತು. ಬರಕ್ಕೆ ಒಗ್ಗಿದ ನಮ್ಮ ತಾಲ್ಲೂಕಿನವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಮೂರು ಭಾನುವಾರ ಚಳ್ಳಕೆರೆಯಲ್ಲಿ, ಆಮೇಲೆ ಎರಡು ಮೊಳಕಾಲ್ಮೂರಿನಲ್ಲಿ ತೋರಿಸುವುದೆಂದಾಯಿತು. ಪರದೆಯ ಪಕ್ಕದಲ್ಲಿ ಮೈಕು ಹಿಡಿದು ನಿಂತು, ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಹೇಳುವ ಘನಕಾರ್ಯ ನನ್ನದು.

ಜಾಗ ಕೊಟ್ಟವನು ನನ್ನ ಬಾಲ್ಯದ ಗೆಳೆಯ ಓಬಣ್ಣ. ಅವನ ಟಾಕೀಸು ಮುಚ್ಚಿ ಶೇಂಗಾ ಗೋಡೌನು ಆಗಿತ್ತು. ಚೀಲಗಳನ್ನು ಗೋಡೆಗೆ ಒತ್ತಿ ಕುರ್ಚಿ ಹಾಕಿಸಿದ. ಮೇಲಿನ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರಿನ ಹಿಂದೆ ತಾನೇ ಕೂತ. ಅವನ ಹೆಂಡತಿ ಗಂಗಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ. ಆಮೇಲಿಂದ ಅವನಿಗೆ ಊಟವೂ ಬೇಡ, ಮಾತೂ ಬೇಡ. ಈ ನೆಪದಲ್ಲಾದರೂ ಮನುಷ್ಯರ ಮುಖ ನೋಡಲಿ ಎಂದು ನಾನೇ ಅವನನ್ನು ಒಪ್ಪಿಸಿದ್ದೆ. ಒಂದೇ ಒಂದು ಆತಂಕ: ಪರದೆಯ ಹಿಂದೆ ಹಳೆಯ ಜನರೇಟರಿನ ಆಳವಾದ ಗುಂಡಿಯಿತ್ತು, ಅದರ ಮೇಲಿನ ಹಲಗೆ ಕೊಳೆತಿತ್ತು. ಆ ಕಡೆ ಯಾರೂ ಹೋಗಕೂಡದೆಂದು ಪ್ರತಿ ಆಟಕ್ಕೂ ಮೊದಲು ಓಬಣ್ಣನೇ ಕೂಗಿ ಹೇಳುತ್ತಿದ್ದ.

ಮೂರನೆಯ ಭಾನುವಾರದ ಸಿನಿಮಾ ವೇಲ್ಸ್ ಎಂಬ ಗುಡ್ಡನಾಡಿನ ಕುರಿಗಾಹಿಯೊಬ್ಬನ ಕಥೆ. ಕುರಿ ಇರುವ ಸಿನಿಮಾ ಎಂದು ಸುದ್ದಿಯಾಗಿ ಪರಶುರಾಂಪುರದ ಕಡೆಯ ಕುರಿಯವರು ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ಮಧ್ಯಾಹ್ನದ ಆಟ, ಬಿಸಿಲೆಂದರೆ ಬಿಸಿಲು. ನಾನು ಮೈಕಿನಲ್ಲಿ ಪ್ರೇಮ, ತ್ಯಾಗ ಎಂದೆಲ್ಲ ವಿವರಿಸುತ್ತಿದ್ದರೆ ಅವರು ಕುರಿಗಳ ಪರೀಕ್ಷೆ ನಡೆಸಿದ್ದರು.

"ಕುರಿ ಕಾಯೋನು ಕೋಟು ಹಾಕ್ಯಂಡವ್ನಲ್ಲೋ!"

"ಅವನ್ ಕೋಟು ಬಿಡು, ಕುರಿ ಮೈಮ್ಯಾಗಿನ್ ಉಣ್ಣೆ ನೋಡು. ಒಂದಕ್ಕೆ ಎರಡು ಕಂಬಳಿ ಆಗ್ತೈತೆ."

ಕಥಾನಾಯಕನ ಹೆಸರು ಓವೆನ್. ಹೆಂಡತಿ ಅವನನ್ನು ಮಾತುಮಾತಿಗೆ ಹೆಸರು ಹಿಡಿದು ಕರೆಯುತ್ತಿದ್ದಳು. ಗಂಡನ ಹೆಸರು ಬಾಯಲ್ಲಿ ತರದ ನಮ್ಮ ಹೆಂಗಸರು ಸೆರಗು ಬಾಯಿಗಿಟ್ಟು ನಗತೊಡಗಿದ್ದರಿಂದ, ಅವಳು "ಓವೆನ್" ಎಂದಲ್ಲೆಲ್ಲ ನಾನು "ಏನ್ರೀ" ಎಂದು ಅನುವಾದಿಸಿ ಆ ಹೆಣ್ಣುಮಗಳ ಮರ್ಯಾದೆ ಕಾಪಾಡುತ್ತಿದ್ದೆ.

ಹಿಮ ಬೀಳುವ ದೃಶ್ಯ ಬಂತು. ತಪ್ಪಿಸಿಕೊಂಡ ಕುರಿ ಹುಡುಕಿಕೊಂಡು ಹೋದವನು ಬಂದಿಲ್ಲ. ಅವಳು ನಮಗೆ ಬೆನ್ನು ಹಾಕಿ, ಬಾಗಿಲಲ್ಲಿ ನಿಂತು, ದನಿಯೆಳೆದು ಕೂಗಿದಳು. ಆ ಎತ್ತರದ ಗೋಡೆಗಳಿಗೆ ಬಡಿದು ಬಂದಾಗ ಅದು ಎಲ್ಲರಿಗೂ ಕೇಳಿಸಿದ್ದು ಹೀಗೆ: "ಓ...ಬಣ್ಣಾ!"

ಟಾಕೀಸೇ ಗೊಳ್ಳೆಂದಿತು. ಓಬಣ್ಣ ಕ್ಯಾಬಿನ್ನಿನ ಕಿಂಡಿಯಿಂದ ಮುಖ ಹಾಕಿ, "ಓ! ಬಂದೆ ತಡಿಯವ್ವಾ!" ಎಂದ. ಬಹಳ ತಿಂಗಳ ಮೇಲೆ ಅವನು ತಮಾಷೆ ಮಾಡಿದ್ದು ಕಂಡು ನನಗೆ ಸಂತೋಷವೇ ಆಯಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ಮಾತ್ರ ನಗಲಿಲ್ಲ.

"ಒಂದೇ ಕೂಗಿಗೆ ಓ ಅನಬಾರದಪ್ಪಾ," ಎಂದಳು. "ಮೂರು ಸಲ ಕರದ್ರೆ ಮನುಷ್ರು."

ಅಷ್ಟರಲ್ಲಿ ಕರೆಂಟು ಹೋಯಿತು. ಇದರಲ್ಲಿ ಅಲೌಕಿಕವಾದದ್ದೇನೂ ಇಲ್ಲ, ನಮ್ಮಲ್ಲಿ ಅದು ಹೋಗುತ್ತದೆ. ಸೆಕೆ ತಾಳಲಾರದೆ ಜನ ಎದ್ದು ಎದುರಿನ ಚಹಾದಂಗಡಿಗೆ ಹೋದರು. ಒಳಗೆ ಉಳಿದವನು ನಾನೊಬ್ಬ. ಓಬಣ್ಣ ಬ್ಯಾಟರಿ ಹಿಡಿದು ಮೆಟ್ಟಿಲಿಳಿದು ಬಂದ. ಬಾಗಿಲ ಸಂದಿಯಿಂದ ಬಿಸಿಲಿನ ಒಂದು ಗೆರೆ ಬಿಟ್ಟರೆ ಬೇರೆ ಬೆಳಕಿಲ್ಲ.

"ಓಬಣ್ಣಾ."

ಪರದೆಯ ಕಡೆಯಿಂದ ಬಂತು. ಸ್ಪೀಕರು ಸತ್ತಿತ್ತು, ನನ್ನ ಕೈಯಲ್ಲಿದ್ದ ಮೈಕೂ ಸತ್ತಿತ್ತು. ಈ ಸಲ ಎಳೆದ ದನಿಯಲ್ಲ, ಪಕ್ಕದ ಕೋಣೆಯಿಂದ ಕರೆದ ಹಾಗೆ.

ಓಬಣ್ಣನ ಕೈಯಿಂದ ಬ್ಯಾಟರಿ ಬಿತ್ತು. "ಲೇ, ಗಂಗಿ ಕಣೋ," ಎಂದ. ಎಂದವನೇ ಪರದೆಯ ಕಡೆಗೆ ನಡೆದ. ಅವನೇ ಯಾರೂ ಹೋಗಕೂಡದೆಂದು ಕೂಗುತ್ತಿದ್ದ ಜಾಗಕ್ಕೆ.

ನಾನು ಓಡಿಹೋಗಿ ಅವನ ರಟ್ಟೆ ಹಿಡಿದೆ. ಎಷ್ಟು ಜಗ್ಗಿದರೂ ಅವನು ನಿಲ್ಲಲಿಲ್ಲ, ನನ್ನನ್ನೂ ಎಳೆದುಕೊಂಡೇ ಹೊರಟ. ಆಗ ನನಗೆ ಹೊಳೆದದ್ದು ಒಂದೇ ವಾದ. "ಲೇ ಓಬ, ತಲಿ ಐತಾ ನಿನಗೆ? ಗಂಗವ್ವ ಯಾವತ್ತಾದ್ರೂ ನಿನ್ ಹೆಸರು ಹಿಡಿದು ಕರದಾಳಾ? ಒಂದ್ಸಲನಾದ್ರೂ ಕರಿ ಅಂತ ನೀನೇ ಕಾಡಿಸ್ತಿದ್ದೆ, ಕರದಾಳಾ? ಇದು ಅವಳಲ್ಲ!"

ಅವನು ನಿಂತ. ಪರದೆಗೆ ಇನ್ನೇನು ಕೈ ತಗಲಬೇಕು. "ಹೌದಲ್ಲೋ," ಎಂದ, ನಿದ್ದೆಯಿಂದ ಎದ್ದವನಂತೆ. ತರ್ಕಕ್ಕೆ ಲೋಕದಲ್ಲಿ ಇನ್ನೂ ಬೆಲೆಯಿದೆ ಎಂದು ನಾನು ಉಸಿರು ಬಿಟ್ಟೆ.

ಒಂದು ಗಳಿಗೆ ಏನೂ ಇಲ್ಲ. ಅದು ಯೋಚಿಸುತ್ತಿದೆ ಎಂದು ಯಾಕೋ ನನಗೆ ಅನ್ನಿಸಿತು. ಆಮೇಲೆ ಪರದೆಯ ಹಿಂದೆ, ಮರದ ಚೌಕಟ್ಟಿಗೆ ಬಳೆ ತಾಗಿಸಿದ ಸದ್ದು, ಎರಡು ಸಲ. ಗಂಗಮ್ಮ ಗಂಡನನ್ನು ಕರೆಯುವ ಮೊದಲು ಅಡಿಗೆಮನೆಯ ಬಾಗಿಲಿಗೆ ಹಾಗೆ ಬಳೆ ಬಡಿಯುತ್ತಿದ್ದಳು. ಅವರ ಮನೆಯಲ್ಲಿ ಉಂಡ ನನಗೆ ಅದು ಗೊತ್ತು.

"ಇಗಾ, ಇತ್ಲಾಗ್ ಬರ್ರೀ."

ನಾನು ಹೇಳಿದ್ದನ್ನು ಅದು ಕೇಳಿಸಿಕೊಂಡಿತ್ತು. ತಪ್ಪನ್ನು ತಿದ್ದಿಕೊಂಡಿತ್ತು.

ಓಬಣ್ಣ ಬಾಯಿ ತೆರೆದ. ಓ ಎನ್ನುವ ಮೊದಲೇ ನಾನು ಎರಡೂ ಕೈಯಿಂದ ಅವನ ಬಾಯಿ ಮುಚ್ಚಿ, ಮೈಮೇಲೆ ಬಿದ್ದು ನೆಲಕ್ಕೆ ಕೆಡವಿದೆ. ಅವನು ನನ್ನ ಅಂಗೈ ಕಚ್ಚಿದ. ನಾನು ಬಿಡಲಿಲ್ಲ. ಆ ಬೇಸಿಗೆಯ ಮಧ್ಯಾಹ್ನ ಅವನ ಅಂಗಿಯ ಹೆಗಲು ಒದ್ದೆಯಾಗಿತ್ತು. ಬೆವರಲ್ಲ, ಹಿಮ ಕರಗಿದ ಹಾಗೆ ಕೈ ಮರಗಟ್ಟುವಷ್ಟು ತಣ್ಣಗಿತ್ತು.

ಕರೆಂಟು ಬಂತು. ಫ್ಯಾನು ತಿರುಗಿದವು, ಜನ ಒಳಗೆ ಬಂದರು. ನೆಲದ ಮೇಲೆ ಹೊರಳಾಡುತ್ತಿದ್ದ ಇಬ್ಬರು ವಯಸ್ಸಾದವರನ್ನು ಕಂಡು, "ಏನ್ ಮೇಷ್ಟ್ರೇ, ಕುಸ್ತಿನಾ?" ಎಂದು ಯಾರೋ ಕೇಳಿದರು. ಓಬಣ್ಣ ನನ್ನನ್ನು ಕೇಳಿದ್ದು ಬೇರೆ: "ಯಾಕಲೇ ತಡದೆ? ಇನ್ನೊಂದ್ಸಲ ಕರೀತಿದ್ಲಲ್ಲೋ."

ಬಳಿಕ ಆ ಸಿನಿಮಾವನ್ನು ಒಬ್ಬನೇ ಹಗಲು ಹೊತ್ತಿನಲ್ಲಿ ಮತ್ತೆ ಹಾಕಿ ನೋಡಿದೆ. ಅವಳು ಒಂದೇ ಸಲ ಕೂಗುತ್ತಾಳೆ. "ಓವೆನ್" ಎಂದು ಸ್ಪಷ್ಟವಾಗಿ ಕೇಳುತ್ತದೆ. ಬೀದಿಯಲ್ಲಿ ಯಾವುದೋ ಹೆಂಗಸು ಗಂಡನನ್ನು ಕರೆದಿರಬೇಕು ಎಂದು ನನಗೆ ನಾನೇ ಪಾಠ ಹೇಳಿಕೊಂಡಿದ್ದೇನೆ. ವಿದ್ಯಾರ್ಥಿ ಒಪ್ಪುತ್ತಿಲ್ಲ.

ಮೊಳಕಾಲ್ಮೂರಿನ ಎರಡು ಭಾನುವಾರವೂ ಸಿನಿಮಾ ನಡೆಯಿತು. ಪ್ರೊಜೆಕ್ಟರು, ಮೈಕು ಎರಡೂ ನನ್ನ ಪಾಲಿಗೇ ಬಂದವು. ಪರದೆಯ ಹಿಂದಿನ ಗುಂಡಿಗೆ ಮಣ್ಣು ತುಂಬಿಸಿದ್ದಾಗಿದೆ. ಓಬಣ್ಣ ಆರೋಗ್ಯವಾಗಿದ್ದಾನೆ. ಯಾರು ಎಷ್ಟು ಸಲ ಕರೆದರೂ ಓ ಅನ್ನುವುದಿಲ್ಲ. ಎದುರಿಗೆ ಹೋಗಿ ನಿಂತು ಮಾತಾಡಿಸಬೇಕು.